ಬಿಚ್ಚಿದ ಮೂರು ತಗಡು

ಜನವರಿ ಹನ್ನೊಂದು, ಭಾನುವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಸಿದ್ದು ಪಕ್ಕದ ತೋಟದ ದೇವೇಂದ್ರನ ಎಡಗೈ ಮೇಲೆ ಕತ್ತಿ ಬೀಸಿದ. ಒಂದೇ ಏಟು. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಇಳಿದ ಕತ್ತಿ ಮೂಳೆಗೆ ತಾಗಿ ನಿಂತಿತು.

ಕೂಗು ಕೇಳಿ ಸಿದ್ದುವಿನ ತಂಗಿ ರಶ್ಮಿತಾ ಓಡಿ ಬಂದಾಗ ದೇವೇಂದ್ರ ತಗಡಿನ ಬೇಲಿಗೆ ಒರಗಿ ನೆಲದ ಮೇಲೆ ಕೂತಿದ್ದ. ಬಲಗೈಯಿಂದ ಎಡಗೈಯನ್ನು ಅದುಮಿ ಹಿಡಿದಿದ್ದ. ಬೆರಳುಗಳ ಸಂದಿನಿಂದ ರಕ್ತ ಇಳಿಯುತ್ತಿತ್ತು, ಆ ಚಳಿಯಲ್ಲಿ ರಕ್ತದಿಂದ ಆವಿ ಏಳುತ್ತಿತ್ತು. ಅವನ ಪಕ್ಕದಲ್ಲಿ ಒಂದು ಸ್ಪ್ಯಾನರ್ ಬಿದ್ದಿತ್ತು. ಬೇಲಿಯಿಂದ ಬಿಚ್ಚಿದ ಮೂರು ತಗಡುಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿ ಇಟ್ಟಿತ್ತು. ಕಳ್ಳ ಇಷ್ಟು ಅಚ್ಚುಕಟ್ಟಾಗಿ ಜೋಡಿಸುವುದಿಲ್ಲ ಎಂಬುದು ಸಿದ್ದುವಿಗೆ ಹೊಳೆಯಲಿಲ್ಲ.

"ನೋಡು ರಶ್ಮಿ, ನೋಡು ಇಲ್ಲಿ!" ಸಿದ್ದು ಅರಚಿದ. "ಬೇಲಿ ಕಿತ್ತು ಒಳಗೆ ಬಂದು ಔಷಧಿ ಹೊಡೆದವ್ನೆ. ಗಿಡ ಎಲ್ಲ ಬೆಂದೋಗವೆ. ಹುಲ್ಲಿನ ಮೇಲೆ ಪುಡಿ ಇನ್ನೂ ಹಂಗೇ ಐತೆ!"

ಅವನು ಹೇಳಿದ್ದರಲ್ಲಿ ಅರ್ಧ ನಿಜ. ತಗ್ಗಿನ ಬ್ಲಾಕಿನ ಕಾಫಿ ಗಿಡಗಳ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಹುಲ್ಲಿನ ಮೇಲೆ ಬೆಳ್ಳಗೆ ಪುಡಿ ಹರಡಿತ್ತು. ರಶ್ಮಿತಾ ಬಗ್ಗಿ ಆ ಬಿಳುಪನ್ನು ಬೆರಳ ತುದಿಗೆ ತೆಗೆದುಕೊಂಡಳು. ಸುಣ್ಣವಲ್ಲ, ಉಪ್ಪಲ್ಲ. ಬೆರಳ ಮೇಲೆ ಅದು ನೀರಾಯಿತು.

ಆ ಗುಡ್ಡಗಳಲ್ಲಿ ಜನ ಮಂಜು ನೋಡಿದ್ದರು, ಇಬ್ಬನಿ ನೋಡಿದ್ದರು, ಆಲಿಕಲ್ಲು ನೋಡಿದ್ದರು. ಇಬ್ಬನಿ ಹೆಪ್ಪುಗಟ್ಟಿದ್ದನ್ನು ಅವಳ ತಾತ ಕೂಡ ನೋಡಿರಲಿಲ್ಲ. ನೋಡದಿದ್ದುದನ್ನು ಸಿದ್ದು ವಿಷ ಎಂದುಕೊಂಡ.

ರಶ್ಮಿತಾಳಿಗೆ ಮಾತ್ರ ಅದು ಏನೆಂದು ಗೊತ್ತಿತ್ತು. ದೇವೇಂದ್ರ ಅಲ್ಲಿಗೆ ಏಕೆ ಬಂದನೆಂಬುದೂ ಗೊತ್ತಿತ್ತು. ಅವನ ಮೆಸೇಜ್ ಅವಳ ಸ್ವೆಟರಿನ ಜೇಬಿನಲ್ಲಿದ್ದ ಫೋನಿನಲ್ಲೇ ಇತ್ತು.

"ಇವ್ನು ನಿಂಗೆ ಗೊತ್ತಾ?" ಸಿದ್ದು ಕೇಳಿದ. ಕತ್ತಿ ಇನ್ನೂ ಕೈಯಲ್ಲಿತ್ತು.

"ಪಕ್ಕದ ತೋಟದವ್ರು," ಎಂದಳು ರಶ್ಮಿತಾ.

ದೇವೇಂದ್ರ ತಲೆ ಎತ್ತಿ ನೋಡಿದ. ತುಟಿಗಳು ಬಿಳಿಚಿದ್ದವು. ಹುಬ್ಬು ಮಾತ್ರ ಎಂದಿನಂತೆ ಒಂದು ಕಡೆ ಮೇಲಕ್ಕೆ ಹೋಯಿತು. ಎರಡೂವರೆ ತಿಂಗಳಿನಿಂದ ದಿನಾ ಬೆಳಿಗ್ಗೆ ಅವಳನ್ನು ರೇಗಿಸಿದ ಹುಬ್ಬು ಅದು.

"ಹೌದು ಕಣ್ರೀ," ಎಂದ ಅವನು. "ಪಕ್ಕದ ತೋಟದವ್ನೇ."

ಅಷ್ಟರಲ್ಲಿ ಅವಳ ತಂದೆ ತೋಟಪ್ಪ ಬಂದರು. ಮಗನಿಗೆ "ಕತ್ತಿ ಕೆಳಗಿಡೋ ಮೊದ್ಲು" ಎಂದು ಹೇಳಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ದೇವೇಂದ್ರನ ತೋಳಿಗೆ ಬಿಗಿದು ಕಟ್ಟಿದರು. ಜೀಪು ಸಕಲೇಶಪುರದ ಕಡೆ ಹೊರಟಿತು. ಬಿಸಿಲು ಬೀಳುತ್ತಲೇ ಹುಲ್ಲಿನ ಮೇಲಿನ ಬಿಳುಪು ಕರಗಿಹೋಯಿತು. ರಕ್ತದ ಕಲೆ ಉಳಿಯಿತು.

*

ಅವರಿಬ್ಬರ ಪರಿಚಯಕ್ಕೆ ಕಾರಣ ಒಂದು ಥರ್ಮಾಮೀಟರ್.

ದೇವೇಂದ್ರ ಕಾಫಿ ಸಂಶೋಧನಾ ಕೇಂದ್ರವೊಂದರಲ್ಲಿ ಆರು ವರ್ಷ ಗುತ್ತಿಗೆ ಮೇಲೆ ಫೀಲ್ಡ್ ಅಸಿಸ್ಟೆಂಟ್ ಆಗಿದ್ದವನು. ಕೆಲಸ ಬಿಟ್ಟು ಬಂದು ತಂದೆ ಕೃಷ್ಣಪ್ಪನವರ ಆರು ಎಕರೆ ನೋಡಿಕೊಳ್ಳುತ್ತಿದ್ದ. ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಗಡಿಯ ಹತ್ತಿರ ನಿಂತು, ನರ್ಸರಿಯ ಗಿಡಗಳಿಗೆ ನೀರು ಬಿಡುತ್ತಿದ್ದ ರಶ್ಮಿತಾಳನ್ನು ಕೂಗಿದ್ದ.

"ನಿಮ್ಮ ತಗ್ಗಲ್ಲಿ ಒಂದು ಥರ್ಮಾಮೀಟರ್ ನೇತಾಕ್ಲಾ?"

"ಯಾಕ್ರೀ? ನಮ್ಮ ತಗ್ಗಿಗೆ ಜ್ವರ ಬಂದೈತಾ?"

"ಬಂದಿಲ್ಲ. ಚಳಿ ಹಿಡಿಯೋ ಥರ ಐತೆ."

ಅವಳು ನಗಬಾರದೆಂದು ಪೈಪಿನ ಕಡೆ ತಿರುಗಿದಳು. ತಿರುಗಿದ ರಭಸಕ್ಕೆ ನೀರು ಅವನ ಷರಟಿನ ಮೇಲೆ ಹಾರಿತು. ಅವನು ಒರೆಸಿಕೊಳ್ಳಲಿಲ್ಲ. "ಇದನ್ನ ಒಪ್ಪಿಗೆ ಅಂತ ತಿಳ್ಕೋತೀನಿ" ಎಂದ.

ಅಂದಿನಿಂದ ದಿನಾ ಬೆಳಿಗ್ಗೆ ಆರೂವರೆಗೆ ಅವನು ಥರ್ಮಾಮೀಟರ್ ನೋಡಲು ಬರುವುದು, ಅದೇ ಹೊತ್ತಿಗೆ ಅವಳಿಗೆ ತಗ್ಗಿನಲ್ಲಿ ಏನಾದರೊಂದು ಕೆಲಸ ಬೀಳುವುದು. ಅವನ ಮನೆಯವರು ಗೌಡರು, ಅವಳ ಮನೆಯವರು ಲಿಂಗಾಯತರು. ಸಾಲದ್ದಕ್ಕೆ ಸೆಪ್ಟೆಂಬರಿನಲ್ಲಿ ಸರ್ವೆಯವರು ಬಂದು ಗಡಿಕಲ್ಲನ್ನು ಅರ್ಧ ಹೆಜ್ಜೆ ಸರಿಸಿದ ಮೇಲೆ ಸಿದ್ದು ಕೃಷ್ಣಪ್ಪನವರ ಮನೆಯ ನಾಯಿಯನ್ನೂ ಮಾತನಾಡಿಸುತ್ತಿರಲಿಲ್ಲ. ಹಂದಿ ಬರದಿರಲಿ ಎಂದು ಹೇಳಿ ತಗ್ಗಿನ ಬಾಯಿಗೆ ಅಡ್ಡಲಾಗಿ ನಲವತ್ತೊಂದು ತಗಡು ನಿಲ್ಲಿಸಿದ್ದ. ಏಳಡಿ ಎತ್ತರ. ನಡುವೆ ಬೆರಳು ತೂರುವಷ್ಟೂ ಸಂದಿಲ್ಲ. ದೇವೇಂದ್ರ ಒಳಗೆ ಬರುತ್ತಿದ್ದುದು ಮೇಲಿನ ಕಾಲುದಾರಿಯಿಂದ.

"ಚಳಿ ಬಂದ್ರೆ ಹಕ್ಕಿ ಹಾರಿಹೋಗುತ್ತೆ, ಹಾವು ಬಿಲ ಸೇರುತ್ತೆ," ಎಂದಿದ್ದ ಒಂದು ದಿನ. "ಗಿಡ ಎಲ್ಲಿಗೆ ಹೋಗುತ್ತೆ? ವರ್ಷವರ್ಷವೂ ನಿಂತ ಕಡೆನೇ ತಡ್ಕೋಬೇಕು."

"ಹೆಂಗೆ ತಡ್ಕೊಳ್ಳುತ್ತೆ?"

"ಚಳಿ ಮೆಲ್ಲಗೆ ಬಂದ್ರೆ ತಯಾರಾಗುತ್ತೆ. ಚಿಗುರು ನಿಲ್ಸುತ್ತೆ. ಎಲೆ ಗಟ್ಟಿ ಮಾಡ್ಕೊಳ್ಳುತ್ತೆ. ರಸದಲ್ಲಿ ಸಕ್ಕರೆ ಜಾಸ್ತಿ ಮಾಡ್ಕೊಳ್ಳುತ್ತೆ. ಸಕ್ಕರೆ ಇರೋ ನೀರು ಬೇಗ ಹೆಪ್ಪುಗಟ್ಟಲ್ಲ."

"ಓಹೋ, ಚಳೀಲಿ ಗಿಡ ಸಿಹಿ ಆಗುತ್ತೆ ಅನ್ನಿ."

"ಗಿಡ ಆಗುತ್ತೆ. ಮನುಷ್ಯರಲ್ಲಿ ಕೆಲವ್ರು ಎಷ್ಟೇ ಚಳಿ ಆದ್ರೂ ಜೀರಿಗೆ ಮೆಣಸೇ."

"ಇನ್ನೊಂದು ಸಲ ನನ್ನ ನೋಡ್ಕೊಂಡು ಹಂಗಂದ್ರೆ ಈ ಕತ್ತರೀಲಿ ಕಿವಿ ಕತ್ತರಿಸ್ತೀನಿ."

"ಯಾವ ಕಿವಿ?"

"ಎಡಗಡೇದು."

"ಬಲಗಡೇದು ತಗೊಳ್ಳಿ. ಎಡಗಿವೀಲಿ ನಿಮ್ಮ ಮಾತು ಚೆನ್ನಾಗಿ ಕೇಳುತ್ತೆ."

ಅವಳು ಕತ್ತರಿಯನ್ನು ನಿಜವಾಗಿಯೂ ಅವನ ಕಿವಿಯವರೆಗೆ ಒಯ್ದಳು. ತಣ್ಣನೆಯ ಕಬ್ಬಿಣ ತಾಗಿದಾಗ ಅವನು ಕಣ್ಣು ಮುಚ್ಚಿದ, ಹಿಂದೆ ಸರಿಯಲಿಲ್ಲ. ರೆಪ್ಪೆಯ ಮೇಲೆ ಮಂಜಿನ ಹನಿ ಕೂತಿತ್ತು. ಮೊದಲು ಹಿಂದೆ ಸರಿದವಳು ಅವಳೇ. ಮರುದಿನದಿಂದ 'ನೀವು' ಹೋಗಿ 'ನೀನು' ಬಂದಿತು.

ಆ ವರ್ಷ ಚಳಿ ಮೆಲ್ಲಗೆ ಬರಲಿಲ್ಲ. ಬರಲೇ ಇಲ್ಲ ಎಂದರೂ ಸರಿ. ನವೆಂಬರ್ ಪೂರ್ತಿ ಮಳೆ, ಡಿಸೆಂಬರಿನಲ್ಲಿ ಸೆಕೆ. ಒಂದು ರಾತ್ರಿಯೂ ಹದಿನೇಳು ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಮಲಗಬೇಕಾದ ಗಿಡಗಳು ಎಳೆ ಚಿಗುರು ಬಿಟ್ಟವು.

"ಜೂನ್ ಅಂದ್ಕೊಂಡವೆ, ಪಾಪ," ಎಂದಿದ್ದ ದೇವೇಂದ್ರ. ಆ ಚಿಗುರನ್ನು ನೋಡಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಜನವರಿ ಎಂಟಕ್ಕೆ ಮೋಡ ಹರಿಯಿತು. ಗಾಳಿ ನಿಂತಿತು. ಹತ್ತನೇ ತಾರೀಕು, ಶನಿವಾರ ಸಂಜೆ, ಅವನು ಫೋನಿನಲ್ಲಿ ಸಿಕ್ಕಿದ.

"ಚಳಿಗಾಳಿ ನೀರಿದ್ದಂಗೆ ಕಣೇ, ಭಾರ. ಇಳಿಜಾರಲ್ಲಿ ಹರ್ಕೊಂಡು ತಗ್ಗಿಗೆ ಬರುತ್ತೆ, ತಗ್ಗಿಂದ ನಮ್ಮ ಗದ್ದೆಗೆ ಹೋಗುತ್ತೆ. ನಿಮ್ಮಣ್ಣ ಅದಕ್ಕೆ ಕಟ್ಟೆ ಕಟ್ಟವ್ನೆ. ಇವತ್ತು ಅರ್ಧ ತಗಡಾದ್ರೂ ಬಿಚ್ಚಿಸು."

"ಹಂದಿ ಬರುತ್ತೆ ಅಂತಾನೆ."

"ಹಂದಿ ಹೊರಗೆ ಉಳೀತು, ನಿಜ. ಚಳಿ ಒಳಗೆ ಉಳಿಯುತ್ತೆ. ಮರಗಸಿ ಅಂತ ಮರದ ಕೊಂಬೆ ಕಡಿಸಿ ನೆರಳೂ ತೆಗೆಸ್ಬುಟ್ಟವ್ನೆ, ಮೇಲೆ ಹೊದಿಕೆ ಕೂಡ ಇಲ್ಲ. ಹೇಳು ಮಾರಾಯ್ತಿ, ಒಂದೇ ಒಂದು ಸಲ ಹೇಳು."

ಹೇಳಬೇಕೆಂದೇ ಅವಳು ಊಟಕ್ಕೆ ಕೂತಳು. ಸಿದ್ದು ರೊಟ್ಟಿ ಮುರಿಯುತ್ತಾ ಕೃಷ್ಣಪ್ಪನವರ ಮನೆತನವನ್ನು ಮೂರು ತಲೆಮಾರಿನಿಂದ ಬೈಯುತ್ತಿದ್ದ. ಚಳಿಗಾಳಿ ನೀರಿದ್ದಂಗೆ ಎಂದು ನಿನಗೆ ಯಾರು ಹೇಳಿದರು ಎಂದು ಅವನು ಕೇಳಿದರೆ? ಅವಳು ಇನ್ನೊಂದು ಸೌಟು ಪಲ್ಯ ಬಡಿಸಿಕೊಂಡಳು. ಹೇಳಲಿಲ್ಲ.

*

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಎಲೆಗಳು ಕಪ್ಪಾದವು. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಗಾಜಿನ ಚೂರಿನಂತೆ ಒಳಗಿನಿಂದಲೇ ಸೀಳಿತ್ತು. ಬಿಸಿಲು ಬಿದ್ದಾಗ ಗಾಯ ಹೊರಗೆ ಕಂಡಿತು. ಆ ಬ್ಲಾಕಿನಲ್ಲಿದ್ದುದು ಒಂದು ಸಾವಿರದ ನೂರ ನಲವತ್ತು ಗಿಡ. ಒಂಬತ್ತು ವರ್ಷದ ಹಿಂದೆ ಅವಳೇ ನರ್ಸರಿಯಲ್ಲಿ ಎಬ್ಬಿಸಿ ಕೊಟ್ಟಿದ್ದವು.

ಹನ್ನೊಂದಕ್ಕೆ ದೇವೇಂದ್ರನ ಚಿಕ್ಕಪ್ಪಂದಿರು ಎರಡು ಜೀಪಿನಲ್ಲಿ ದೊಣ್ಣೆ ಹಿಡಿದು ಬಂದರು. ಕಾಫಿ ಸ್ಟೋರಿನ ಹೆಂಚಿನ ಮೇಲೆ ಕಲ್ಲು ಬಿದ್ದವು. ಸಿದ್ದು ಕೋವಿ ಹಿಡಿದು ಬಾಗಿಲಿಗೆ ಬಂದ. "ಬರ್ರೋ! ಒಬ್ಬನ ಕೈ ಹೋಗೈತೆ, ಇನ್ನು ಯಾರ ತಲೆ ಬೇಕು?" ಎಂದು ಕೂಗಿದ. ಪೊಲೀಸ್ ಜೀಪು ಹತ್ತು ನಿಮಿಷ ತಡವಾಗಿದ್ದರೆ ಒಂದೆರಡು ಹೆಣ ಬೀಳುತ್ತಿದ್ದವು.

ಸಿದ್ದು ದೂರು ಕೊಟ್ಟ: ಬೇಲಿ ಮುರಿದು ಅಕ್ರಮ ಪ್ರವೇಶ, ಗಿಡಗಳಿಗೆ ವಿಷ. ಪೊಲೀಸರು ನಾಲ್ಕು ಕೊಂಬೆ ಮುರಿದುಕೊಂಡು, ಪರೀಕ್ಷೆಯ ವರದಿಗೆ ವಾರಗಟ್ಟಲೆ ಆಗುತ್ತದೆ ಎಂದರು. ಆರೋಪಿ ಆಸ್ಪತ್ರೆಯಿಂದ ಬುಧವಾರ ಬಿಡುಗಡೆಯಾಗುತ್ತಾನೆ, ಅಲ್ಲಿಂದಲೇ ಬಂಧಿಸುತ್ತೇವೆ ಎಂದರು.

ಗಾಯದ ಬಗ್ಗೆ ಆರೋಪಿಯ ಹೇಳಿಕೆಯನ್ನೂ ಬರೆದುಕೊಂಡು ಬಂದಿದ್ದರು. ಅದು ಒಂದೇ ಸಾಲು: 'ತಗಡಿನ ಅಂಚು ಕುಯ್ಯಿತು.'

ಹದಿನೇಳು ಹೊಲಿಗೆ ಹಾಕಿದ ಡಾಕ್ಟರು ಅದನ್ನು ನಂಬಲಿಲ್ಲ. ಬರೆದುಕೊಂಡ ಪೊಲೀಸರೂ ನಂಬಲಿಲ್ಲ. ರಶ್ಮಿತಾ ಆ ಸಾಲು ಕೇಳಿದವಳು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವಳ ಅಣ್ಣನನ್ನು ಅವನು ಕಾಪಾಡಿದ್ದ. ಅವನನ್ನು ಕಾಪಾಡಬಲ್ಲ ಒಂದೇ ಒಂದು ಸಾಕ್ಷಿ ಅವಳ ಜೇಬಿನಲ್ಲಿತ್ತು. ಅದನ್ನು ತೋರಿಸಿದರೆ ಎರಡೂವರೆ ತಿಂಗಳ ಬೆಳಗುಗಳೆಲ್ಲ ಅಂಗಳಕ್ಕೆ ಬೀಳುತ್ತಿದ್ದವು.

ಸೋಮವಾರ, ಮಂಗಳವಾರ ಅವಳು ತಗ್ಗಿನಲ್ಲಿ ಒಬ್ಬಳೇ ಸುತ್ತಿದಳು. ಗಿಡದ ಬುಡಕ್ಕೆ ಹೆಬ್ಬೆರಳ ಉಗುರು ಹಾಕಿ ಸಿಪ್ಪೆ ಕೆರೆದಳು. ಮೇಲೆ ಕಂದು, ಒಳಗೆ ಹಸಿರು. ಇನ್ನೊಂದು. ಹಸಿರು. ಉಗುರು ಮುರಿದು ರಕ್ತ ಬಂತು, ಕೆರೆಯುವುದು ನಿಲ್ಲಲಿಲ್ಲ. ಆಮೇಲೆ ಮೇಲಿನ ಏರಿಗೆ ಹೋಗಿ ತಗ್ಗನ್ನು ನೋಡಿದಾಗ, ಅವಳ ಕಣ್ಣಿಗೆ ಅಲ್ಲಿಯವರೆಗೆ ಕಾಣದ ಒಂದು ಗೆರೆ ಕಂಡಿತು.

ಮಂಗಳವಾರ ರಾತ್ರಿ ಊಟದಲ್ಲಿ ಸಿದ್ದು ಹೇಳಿದ: "ನಾಳೆ ಬಾಳ್ಳುಪೇಟೆಯಿಂದ ಜೆಸಿಬಿ ಬರುತ್ತೆ. ಬೇರು ಸಮೇತ ಕಿತ್ತು ಸುಡ್ತೀನಿ. ವಿಷ ಮಣ್ಣಿಗೆ ಇಳಿದ್ರೆ ಬಾವಿಗೆ ಬರುತ್ತೆ."

ಗಿಡ ಸುಟ್ಟರೆ ಆ ಗೆರೆಯೂ ಸುಟ್ಟುಹೋಗುತ್ತಿತ್ತು. ದೇವೇಂದ್ರ ವಿಷ ಹಾಕಿದವನಾಗಿಯೇ ಉಳಿಯುತ್ತಿದ್ದ.

*

ಬುಧವಾರ ಒಂಬತ್ತೂವರೆಗೆ ಜೆಸಿಬಿ ತಗ್ಗಿಗೆ ಇಳಿಯಿತು. ಬಕೆಟ್ಟಿನ ಹಲ್ಲು ಬುಡಕ್ಕೆ ಹೊಕ್ಕರೆ ಗಿಡ ಚೀರಿದಂತೆ ಸದ್ದಾಗುತ್ತಿತ್ತು. ಬೇರು ಕಿತ್ತ ಕಡೆ ಕೆಂಪು ಮಣ್ಣು ಬಾಯಿ ಬಿಡುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅರವತ್ತನಾಲ್ಕು ಗಿಡ ರಾಶಿ ಬಿದ್ದಿದ್ದವು.

ಅರವತ್ತೈದನೆಯದರ ಮುಂದೆ ರಶ್ಮಿತಾ ನಿಂತಳು. ಬಕೆಟ್ಟು ಅವಳ ಎದೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಇಂಜಿನ್ ಆಫ್ ಮಾಡಿ "ಅಮ್ಮಾ ತಾಯೀ, ನನ್ನ ಲೈಸೆನ್ಸ್ ಹೋಗುತ್ತೆ ಕಣಮ್ಮಾ" ಎಂದು ಕೈ ಮುಗಿದ.

ಸಿದ್ದು ಬಂದವನೇ ಅವಳ ಜಡೆ ಹಿಡಿದು ಎಳೆದ. ಅವಳು ಅವನ ಮುಂಗೈ ಕಚ್ಚಿದಳು. ಅವನು ಕಪಾಳಕ್ಕೆ ಹೊಡೆದ. ಬಿದ್ದವಳು ಎದ್ದು ಮತ್ತೆ ಅದೇ ಗಿಡದ ಮುಂದೆ ನಿಂತಳು. ತುಟಿ ಒಡೆದಿತ್ತು.

"ಪಕ್ಕಕ್ಕೆ ಸರಿ ಅಂತಿದೀನಿ!"

"ಸರಿಯಲ್ಲ ಅಣ್ಣ. ಅವ್ನು ಔಷಧಿ ಹೊಡೆದಿಲ್ಲ."

"ನಿಂಗೆಂಗೆ ಗೊತ್ತು?"

"ಅವ್ನು ಬಂದಿದ್ದು ನನ್ನ ಗಿಡ ಉಳಿಸಕ್ಕೆ. ನನಗೋಸ್ಕರ ಬಂದಿದ್ದು." ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ. ಜೇಬಿನಿಂದ ಫೋನ್ ತೆಗೆದು ಮುಂದೆ ಹಿಡಿದಳು. "ನಾನು ಅವ್ನನ್ನ ಮದುವೆ ಆಗ್ಬೇಕು ಅಂತಿದೀನಿ."

ಸಿದ್ದುವಿನ ಕೈ ಸೊಂಟದ ಕತ್ತಿಗೆ ಹೋಯಿತು. ಭಾನುವಾರದ ಕತ್ತಿಯೇ. ಅದು ಹೊರಗೆ ಬಂದು, ಮೇಲೆ ಎದ್ದು, ಅಲ್ಲೇ ನಿಂತಿತು. ಹಿಂದಿನಿಂದ ಬಂದ ತೋಟಪ್ಪ ಮಗನ ಮೊಣಕೈಯನ್ನು ಹಿಡಿದುಕೊಂಡಿದ್ದರು. ಎಪ್ಪತ್ತರ ಹತ್ತಿರದ ಮುದುಕನ ಹಿಡಿತ, ಮರ ಹತ್ತಿ ಬೆಳೆದ ಕೈ.

"ಆ ಫೋನಲ್ಲಿ ಏನೈತೆ?" ಎಂದು ಮಗಳನ್ನು ಕೇಳಿದರು.

ಅವಳು ಕೊಟ್ಟಳು. ತೋಟಪ್ಪನವರ ಕನ್ನಡಕ ಮನೆಯಲ್ಲಿತ್ತು. ಅವರು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ಜೆಸಿಬಿ ಡ್ರೈವರಿಗೆ ಕೊಟ್ಟರು.

"ಓದಪ್ಪ. ಗಟ್ಟಿಯಾಗಿ."

ಡ್ರೈವರ್ ಗಂಟಲು ಸರಿ ಮಾಡಿಕೊಂಡ. "ಡಿಸೆಂಬರ್ ಇಪ್ಪತ್ತು. 'ಇವತ್ತು ಕನಿಷ್ಠ ಹದಿನೇಳೂವರೆ. ಆ ಹಸಿರು ಸ್ವೆಟರ್ ಬೇಕಿರಲಿಲ್ಲ. ಆದರೂ ನಾಳೆ ಅದನ್ನೇ ಹಾಕ್ಕೊಂಡು ಬಾ.' ... ಸಾರ್, ಇದು ಸ್ವಲ್ಪ ಪರ್ಸನಲ್ ಐತೆ."

"ಮುಂದಕ್ಕೆ ಹೋಗು. ಭಾನುವಾರದ್ದು ಓದು."

"ಜನವರಿ ಹನ್ನೊಂದು, ಮೂರು ನಲವತ್ತೆರಡು. 'ತಗ್ಗಲ್ಲಿ ಒಂದು ಪಾಯಿಂಟ್ ನಾಲ್ಕು. ಮೇಲೆ ನಿಮ್ಮ ಕಣದ ಹತ್ರ ಏಳು. ತಗಡು ಬಿಚ್ತಾ ಇದೀನಿ, ಬೋಲ್ಟ್ ತುಕ್ಕು ಹಿಡಿದವೆ, ಎಷ್ಟಾಗುತ್ತೋ ಅಷ್ಟು. ನಿಮ್ಮಣ್ಣ ಎದ್ದು ಬಂದ್ರೆ ನೀನು ಏನೂ ಹೇಳ್ಬೇಡ, ನಾನೇ ಹೇಳ್ತೀನಿ. ಬೆಚ್ಚಗೆ ಮಲ್ಕೋ.'"

ಡ್ರೈವರ್ ಫೋನನ್ನು ರಶ್ಮಿತಾಳ ಕೈಗೆ ವಾಪಸು ಕೊಟ್ಟ.

"ಕತೆ ಕಟ್ಟವ್ನೆ," ಎಂದ ಸಿದ್ದು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

"ಕತೆ ಅಲ್ಲ. ಗೆರೆ ನೋಡು," ಎಂದಳು ರಶ್ಮಿತಾ. "ತಗಡಿನ ಹತ್ರ ಗಿಡ ತಲೆತನಕ ಸುಟ್ಟೈತೆ. ಮೇಲೆ ಬಂದಂಗೆ ಅರ್ಧ. ಇನ್ನೂ ಮೇಲೆ ಬುಡದ ಎಲೆ ಮಾತ್ರ. ಔಷಧಿ ಹೊಡೆಯೋನು ಹಿಂಗೆ ಮಟ್ಟ ಹಿಡಿದು ಹೊಡಿತಾನಾ? ಅಪ್ಪಾಜಿ, ನೀರಿನ ಪೈಪ್ ತರಿಸಿ."

ತೋಟಪ್ಪನವರಿಗೆ ಆ ಮಾತು ಅರ್ಥವಾಯಿತು. ಇಳಿಜಾರಿನಲ್ಲಿ ಕಾಲುವೆ ತೆಗೆಯುವಾಗ ಮಟ್ಟ ನೋಡಲು ಅವರು ನಲವತ್ತು ವರ್ಷದಿಂದ ಬಳಸುತ್ತಿದ್ದ ಸಾಧನ ಅದು, ನೀರು ತುಂಬಿದ ಪಾರದರ್ಶಕ ಪೈಪು. ಎರಡು ತುದಿಯಲ್ಲಿ ಇಬ್ಬರು ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮನುಷ್ಯರ ಮಾತಿಗಿಂತ ಆ ಪೈಪನ್ನು ಅವರು ಹೆಚ್ಚು ನಂಬುತ್ತಿದ್ದರು.

"ಒಂದು ತುದಿ ನೀನು ಹಿಡಿ," ಎಂದು ಸಿದ್ದುವಿಗೆ ಹೇಳಿದರು. "ಕತ್ತಿ ಡ್ರೈವರ್ ಕೈಗೆ ಕೊಡು."

ಅಪ್ಪ ಒಂದು ಗಿಡದ ಹತ್ತಿರ, ಮಗ ಇನ್ನೊಂದರ ಹತ್ತಿರ. ಕಪ್ಪು ಮುಗಿದು ಹಸಿರು ಶುರುವಾಗುವ ಕಡೆ ಪೈಪು ಇಟ್ಟರು. ನೀರು ಅಲ್ಲಾಡಿ ನಿಂತಿತು. ಒಂದೇ ಮಟ್ಟ. ಇನ್ನೊಂದು ಗಿಡ, ಅದೇ ಮಟ್ಟ. ತಗ್ಗಿನ ಆ ಮಗ್ಗುಲಿನಿಂದ ಈ ಮಗ್ಗುಲಿನವರೆಗೆ ಆರು ಗಿಡ ಹಿಡಿದರು. ಕೆರೆಯ ನೀರು ಇಳಿದ ಮೇಲೆ ದಡದಲ್ಲಿ ಉಳಿಯುವ ಗುರುತಿನಂತೆ ಇತ್ತು ಅದು. ಕೊನೆಯ ಹಿಡಿತ ತಗಡಿನ ಬೇಲಿಯ ಹತ್ತಿರ ಬಂತು. ನೀರು ನಿಂತದ್ದು ತಗಡಿನ ಮೇಲಂಚಿಗೆ ಸರಿಯಾಗಿ.

ಬಿಚ್ಚಿದ ಮೂರು ತಗಡಿನ ಜಾಗದ ಎದುರಿಗೆ ಮಾತ್ರ ಗಿಡಗಳು ಹಸಿರಾಗಿದ್ದವು. ಬೀಸಣಿಗೆ ಬಿಡಿಸಿಟ್ಟಂತೆ, ಇಪ್ಪತ್ತು ಅಡಿ ಒಳಕ್ಕೆ. ಅಲ್ಲಿಂದ ಚಳಿ ಹರಿದುಹೋಗಿತ್ತು.

ಸಿದ್ದು ಪೈಪಿನ ತುದಿ ಹಿಡಿದುಕೊಂಡೇ ತಗಡಿನ ಮೇಲಂಚನ್ನು ಇನ್ನೊಮ್ಮೆ ನೋಡಿದ.

"ಹಂಗಾದ್ರೆ ಸಾಯಿಸಿದ್ದು ನಾನಾ?" ಎಂದ.

ರಶ್ಮಿತಾ ಅರವತ್ತೈದನೆಯ ಗಿಡದ ಬುಡ ಕೆರೆದು ತೋರಿಸಿದಳು. "ಸತ್ತಿಲ್ಲ."

ಅವನು ಹಸಿರನ್ನು ನೋಡಿದ. ನೋಡಿ, ತಿರುಗಿ, ತಗಡಿಗೆ ಮುಷ್ಟಿಯಿಂದ ಗುದ್ದಿದ. ಇನ್ನೊಮ್ಮೆ, ಮತ್ತೊಮ್ಮೆ. ಬೆರಳ ಗೆಣ್ಣುಗಳ ಚರ್ಮ ಸುಲಿದು ತಗಡಿಗೆ ರಕ್ತ ಅಂಟುವವರೆಗೆ ಗುದ್ದಿದ. ತಡೆಯಲು ಯಾರೂ ಹೋಗಲಿಲ್ಲ.

*

ಅಂದು ಮಧ್ಯಾಹ್ನ ತೋಟಪ್ಪ ಮಗಳನ್ನು ಕರೆದುಕೊಂಡು ಠಾಣೆಗೆ ಹೋಗಿ, ಮೆಸೇಜ್ ತೋರಿಸಿ, ದೇವೇಂದ್ರನ ಬಂಧನ ತಪ್ಪಿಸಿದರು. ಮೂರು ಗಂಟೆಗೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ವಾರ್ಡಿನ ಬಾಗಿಲಲ್ಲಿ ದೇವೇಂದ್ರನ ತಾಯಿ ರಾಜಲಕ್ಷ್ಮಮ್ಮ ನಿಂತಿದ್ದರು.

"ಯಾವ ಮುಖ ಇಟ್ಕೊಂಡು ಬಂದೆ?"

"ಭಾನುವಾರ ಬಾಯಿ ಬಿಡದೆ ಇದ್ದ ಮುಖಾನೇ ಅಮ್ಮ. ಬೇರೆ ಇಲ್ಲ."

ರಾಜಲಕ್ಷ್ಮಮ್ಮ ಅವಳ ಒಡೆದ ತುಟಿ, ಊದಿದ ಕೆನ್ನೆ ನೋಡಿದರು. ಬೈಯಲು ಬಾಯಿ ತೆರೆದವರು ಫ್ಲಾಸ್ಕ್ ತೆಗೆದುಕೊಂಡು ಕಾಫಿ ತರಲು ಹೊರಟರು.

ದೇವೇಂದ್ರ ಬಿಡುಗಡೆಯ ಕಾಗದಕ್ಕಾಗಿ ಕಾಯುತ್ತಾ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದ. ಎಡಗೈ ಬ್ಯಾಂಡೇಜಿನಲ್ಲಿ ಕೂಸಿನಂತೆ ಮಲಗಿತ್ತು.

"ಯಾರು?" ಎಂದ ಕಣ್ಣು ತೆರೆಯದೆ.

"ಪಕ್ಕದ ತೋಟದವ್ಳು."

ಹುಬ್ಬು ಮೇಲಕ್ಕೆ ಹೋಯಿತು. ಆಮೇಲೆ ಕಣ್ಣು ತೆರೆಯಿತು. ಅವಳ ಮುಖ ನೋಡಿದ ಕೂಡಲೇ ಹುಬ್ಬು ಇಳಿಯಿತು.

"ಯಾರು ಹೊಡೆದಿದ್ದು?"

"ಜಗಲಿ ಅಂಚು ತಾಗ್ತು," ಎಂದಳು ಅವಳು. "ನಿಂಗೆ ತಗಡು ಕುಯ್ದಂಗೆ."

ಅವನಿಗೆ ನಗು ಬಂತು. ನಕ್ಕರೆ ಕೈ ನೋಯುತ್ತಿತ್ತು. ಹಲ್ಲು ಕಚ್ಚಿಕೊಂಡು ನಕ್ಕ.

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಬ್ಯಾಂಡೇಜಿನಿಂದ ಹೊರಗಿದ್ದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಹೆಬ್ಬೆರಳು ಅಲುಗಿತು. ತೋರುಬೆರಳು, ನಡುಬೆರಳು ಅಲುಗಿದವು. ಉಂಗುರದ ಬೆರಳು, ಕಿರುಬೆರಳು ಅಲುಗಲಿಲ್ಲ.

"ಇವೆರಡು?"

"ನಿದ್ದೆ ಮಾಡ್ತಾ ಅವೆ. ಡಾಕ್ಟರು, ಎದ್ದರೆ ಎದ್ದಾವು ಅಂದ್ರು."

ಅವಳು ಆ ಎರಡು ಬೆರಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ತಣ್ಣಗಿದ್ದವು.

"ಪೊಲೀಸ್ರು ಮತ್ತೆ ಕೇಳ್ತಾರೆ. ನಿಜ ಹೇಳು," ಎಂದಳು.

"ಹೇಳಿದ್ರೆ ನಿಮ್ಮಣ್ಣ ಒಳಗೆ ಹೋಗ್ತಾನೆ."

"ಹೋಗ್ಲಿ. ನಾನು ಸುಮ್ನಿದ್ದಿದ್ದಕ್ಕೆ ಎರಡು ಬೆರಳು ಹೋಯ್ತು. ಇನ್ನು ನಮ್ಮ ಮನೇಲಿ ಯಾರೂ ಸುಮ್ನಿರೋದು ಬೇಡ." ಅವಳು ಆ ಬೆರಳುಗಳನ್ನು ಬಿಡಲಿಲ್ಲ. "ಎಲ್ಲರ ಮುಂದೆ ಹೇಳ್ಬುಟ್ಟೆ ದೇವೇಂದ್ರ. ಅಪ್ಪಾಜಿ ಮುಂದೆ, ಅಣ್ಣನ ಮುಂದೆ. ಜೆಸಿಬಿ ಡ್ರೈವರ್ ಮುಂದೂನೂ."

"ಏನಂತ?"

"ಗೊತ್ತಿಲ್ದಂಗೆ ಕೇಳ್ಬೇಡ."

"ಡ್ರೈವರಿಗೆ ಗೊತ್ತಾಗಿದ್ದು ನಂಗೆ ಗೊತ್ತಾಗ್ಬಾರ್ದಾ?"

ಅವಳು ಬಗ್ಗಿ, ಅವನ ಎಡಗಿವಿಯ ಹತ್ತಿರ ಹೇಳಿದಳು. ಅವನು ಕತ್ತರಿ ತಾಗಿದ ದಿನದಂತೆ ಕಣ್ಣು ಮುಚ್ಚಿ ಕೇಳಿಸಿಕೊಂಡ. ಈ ಸಲ ಅವಳು ಹಿಂದೆ ಸರಿಯಲಿಲ್ಲ.

"ಗಿಡಗಳನ್ನ ಈಗ ಕಡಿಬೇಡಿ," ಎಂದ ಸ್ವಲ್ಪ ಹೊತ್ತಿನ ಮೇಲೆ. "ನೋಡಕ್ಕೆ ಹೆಣದ ಥರ ಇರ್ತವೆ, ಕಡಿಯಕ್ಕೆ ಕೈ ತುರಿಸುತ್ತೆ. ಆದ್ರೂ ಬೇಡ. ಮಾರ್ಚಲ್ಲಿ ಹೂಮಳೆ ಬರಲಿ. ಎಲ್ಲೀತನಕ ಸತ್ತೈತೆ, ಎಲ್ಲಿಂದ ಬದುಕೈತೆ ಅಂತ ಗಿಡಾನೇ ತೋರಿಸುತ್ತೆ. ಅಲ್ಲಿಗೆ ಕಡಿಯೋಣ."

ಆ ಸಂಜೆ ದೇವೇಂದ್ರ ಹೇಳಿಕೆ ಬದಲಾಯಿಸಿದ. ಸಿದ್ದು ಹಾಸನದ ಜೈಲಿನಲ್ಲಿ ಹತ್ತೊಂಬತ್ತು ದಿನ ಇದ್ದು ಜಾಮೀನಿನ ಮೇಲೆ ಬಂದ. ಬಂದವನು ತಂಗಿಯ ಜೊತೆ ಮಾತಾಡಲಿಲ್ಲ. ಮದುವೆಯ ಮಾತೆತ್ತಿದಾಗ ತೋಟಪ್ಪ "ಗಿಡ ಚಿಗುರಲಿ ತಡಿ" ಎಂದಷ್ಟೇ ಹೇಳಿದರು. ಅದು ಹ್ಞೂಂ ಅಲ್ಲ, ಊಹ್ಞೂಂ ಕೂಡ ಅಲ್ಲ.

ಫೆಬ್ರವರಿ ಒಣಗಿತು. ತಗ್ಗಿನ ಗಿಡಗಳು ಸುಟ್ಟ ಕಡ್ಡಿಗಳಂತೆ ನಿಂತಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಾಲಗೆ ಲೊಚಗುಟ್ಟುತ್ತಿದ್ದರು.

*

ಮಾರ್ಚ್ ಹದಿನಾರು, ಸೋಮವಾರ, ಸಂಜೆ ನಾಲ್ಕು ಇಪ್ಪತ್ತಕ್ಕೆ ಗುಡುಗು ಬಿತ್ತು. ಇಪ್ಪತ್ತೆಂಟು ಮಿಲಿಮೀಟರ್ ಮಳೆಯಾಯಿತು. ಮೇಲಿನ ಬ್ಲಾಕುಗಳಲ್ಲಿ ಒಂಬತ್ತನೇ ದಿನ ಹೂ ಅರಳಿ ಗುಡ್ಡವೆಲ್ಲ ಬೆಳ್ಳಗಾಯಿತು, ಮಲ್ಲಿಗೆಯಂಥ ವಾಸನೆ ರಸ್ತೆಯವರೆಗೆ ಬಂತು. ತಗ್ಗಿನಲ್ಲಿ ಹೂವಿಲ್ಲ. ಹನ್ನೆರಡನೇ ದಿನ, ಕಪ್ಪು ಕಾಂಡದ ಬುಡದಿಂದ ಒಂದು ಗೇಣು ಮೇಲೆ, ಭತ್ತದ ಕಾಳಿನಷ್ಟು ಹಸಿರು ಮೊಳಕೆ ಒಡೆದದ್ದನ್ನು ಮೊದಲು ನೋಡಿದವರು ತೋಟಪ್ಪ. ಮನೆಗೆ ಬಂದು, ಮುಖ ತೊಳೆದು, ಮಗಳಿಗೆ "ಕೃಷ್ಣಪ್ಪನ್ನ ಬರಕ್ಕೆ ಹೇಳು" ಎಂದರು.

ಏಪ್ರಿಲ್ ಮೊದಲ ವಾರ ಕಡಿಯುವ ಕೆಲಸ ಶುರುವಾಯಿತು. ಗರಗಸ ಅವಳ ಕೈಯಲ್ಲಿ. ಅವನು ಬಲಗೈಯಿಂದ ಕಾಂಡ ಹಿಡಿಯುತ್ತಿದ್ದ. ಹಲ್ಲು ಕಂದು ಮರದೊಳಗೆ ಇಳಿದು, ಹಸಿ ಸಿಕ್ಕಿದ ಕೂಡಲೇ ಸದ್ದು ಬದಲಾಗುತ್ತಿತ್ತು. ಒಂಬತ್ತು ವರ್ಷ ಬೆಳೆದ ತಲೆ ನೆಲಕ್ಕೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ತಗ್ಗು ಯುದ್ಧ ಮುಗಿದ ಮೈದಾನದಂತೆ ಕಾಣುತ್ತಿತ್ತು.

"ನಿರ್ದಯಿ ಕಣೇ ನೀನು," ಎಂದ ಅವನು. "ಕೈ ಒಂಚೂರೂ ನಡುಗಲ್ಲ."

"ನಡುಗಿದ್ರೆ ನಿನ್ನ ಬೆರಳು ಹೋಗುತ್ತೆ. ಇರೋದೇ ಎಂಟು."

"ಒಂಬತ್ತು," ಎಂದ. ಬ್ಯಾಂಡೇಜ್ ಬಿಚ್ಚಿದ ಎಡಗೈಯನ್ನು ಅವಳ ಮುಂದೆ ಹಿಡಿದ. ಕಿರುಬೆರಳು ಹಾಗೇ ಇತ್ತು. ಉಂಗುರದ ಬೆರಳು ಮೆಲ್ಲಗೆ, ಬಹಳ ಕಷ್ಟಪಟ್ಟು, ಒಂದು ಕೂದಲಿನಷ್ಟು ಬಾಗಿತು.

ಅವಳು ಗರಗಸ ಕೆಳಗಿಟ್ಟು ಆ ಬೆರಳಿಗೆ ತುಟಿ ಒತ್ತಿದಳು. ಕೈಗಳ ತುಂಬ ಮರದ ಪುಡಿ ಇತ್ತು.

ಉಳಿದಿದ್ದ ಒಂದು ಸಾವಿರದ ಎಪ್ಪತ್ತಾರು ಗಿಡಗಳಲ್ಲಿ ಒಂಬೈನೂರ ಮೂವತ್ತೆಂಟು ಬದುಕಿದವು. ಏಪ್ರಿಲ್ ಇಪ್ಪತ್ತೇಳು, ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ ಸಕಲೇಶಪುರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಶ್ಮಿತಾ, ದೇವೇಂದ್ರ ರಿಜಿಸ್ಟರಿಗೆ ಸಹಿ ಹಾಕಿದರು. ಸಾಕ್ಷಿಗಳು ತೋಟಪ್ಪ, ಕೃಷ್ಣಪ್ಪ, ರಾಜಲಕ್ಷ್ಮಮ್ಮ. ಸಿದ್ದು ಬರಲಿಲ್ಲ. ಅದೇ ಬೆಳಿಗ್ಗೆ ಅವನು ಒಬ್ಬನೇ ತಗ್ಗಿಗೆ ಇಳಿದು, ಉಳಿದ ಮೂವತ್ತೆಂಟು ತಗಡನ್ನೂ ಬಿಚ್ಚಿ, ಮೊದಲಿನ ಮೂರರ ಮೇಲೆ ಜೋಡಿಸಿಟ್ಟ.